ತಂಗಿಯ ಓದಿನ ಸಾಲದ ಬಗ್ಗೆ ಅಪ್ಪನವರಿಗೆ

ಪಿಟ್ಸ್‌ಬರ್ಗ್, ಅಮೆರಿಕ

ಪೂಜ್ಯ ಅಪ್ಪನವರಿಗೂ ಅವ್ವನಿಗೂ ನಿಮ್ಮ ಮಗನ ನಮಸ್ಕಾರಗಳು.

ತಂಗಿಗೆ ಇಲ್ಲಿ ಸ್ನಾತಕೋತ್ತರ ಪದವಿಗೆ ಸೀಟು ಸಿಕ್ಕಿರುವುದನ್ನೂ, ಮೈಸೂರಿನ ಖಾಸಗಿ ಫೈನಾನ್ಸ್ ಕಂಪನಿಯೊಂದು ನಮ್ಮ ಕಾಫಿ ತೋಟದ ದಾಖಲೆ ಕೇಳದೆಯೇ 40 ಲಕ್ಷ ರೂಪಾಯಿ ಕೊಡಲು ಮುಂದೆ ಬಂದಿರುವುದನ್ನೂ ತಿಳಿದು ಸಂತೋಷವೂ ಸ್ವಲ್ಪ ಕಳವಳವೂ ಆಯಿತು. ಅದರ ಬದಲು ಇಲ್ಲಿಯೇ ಸಾಲ ಎತ್ತಿ ನಾನು ಸಹಿ ಹಾಕಬಹುದೇ ಎಂದೂ ನೀವು ಕೇಳಿದ್ದೀರಿ. ಖಾಸಗಿ ಸಾಲವನ್ನು ನಾನು ವಿರೋಧಿಸುವುದಿಲ್ಲ. ಆದರೆ ಉಳಿದ ದಾರಿಗಳೆಲ್ಲ ಮುಗಿದ ಮೇಲೆ ಎಷ್ಟು ಹಣ ಕಡಿಮೆ ಬೀಳುತ್ತದೋ ಅಷ್ಟಕ್ಕೆ ಮಾತ್ರ ಅದನ್ನು ಪಡೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿಯವರೇ ಹಾಗೆ ಮಾಡುತ್ತಾರೆ. ಅಮೆರಿಕದ ವಿದ್ಯಾರ್ಥಿಗಳ ಒಟ್ಟು ಸಾಲದಲ್ಲಿ ಖಾಸಗಿ ಸಾಲದ ಪಾಲು ಹತ್ತರಲ್ಲೊಂದು ಭಾಗಕ್ಕೂ ಕಡಿಮೆ; ಉಳಿದದ್ದು ಕೇಂದ್ರ ಸರ್ಕಾರ ಕೊಡುವ ಸಾಲ. ಸರ್ಕಾರಿ ಸಾಲದ ಬಡ್ಡಿ ದರ ಬದಲಾಗುವುದಿಲ್ಲ, ಸಂಬಳಕ್ಕೆ ತಕ್ಕಂತೆ ಕಂತು ಕಟ್ಟುವ ಅವಕಾಶವಿದೆ, ಸಾಲಗಾರ ತೀರಿಕೊಂಡರೆ ಬಾಕಿ ಮನ್ನಾ ಆಗುತ್ತದೆ. ಸರ್ಕಾರಿ ಅಥವಾ ಸೇವಾ ಸಂಸ್ಥೆಗಳಲ್ಲಿ ದುಡಿಯುತ್ತಾ ಅರ್ಹವಾದ 120 ಮಾಸಿಕ ಕಂತುಗಳನ್ನು ಕಟ್ಟಿದವರಿಗೆ ಉಳಿದ ಮೊತ್ತವನ್ನು ಬಿಟ್ಟುಬಿಡುವ ಯೋಜನೆಯೂ ಇದೆ. ಆದರೆ ಸರ್ಕಾರಿ ಸಾಲಕ್ಕೆ ಮಿತಿಯಿದೆ; ಅದರೊಳಗೆ ಕಾಲೇಜಿನ ಖರ್ಚು ಹಿಡಿಸದಿದ್ದಾಗ ಮಾತ್ರ ಜನ ಖಾಸಗಿಯವರ ಕಡೆ ತಿರುಗುತ್ತಾರೆ. 2025ರ ಜುಲೈನಲ್ಲಿ ಜಾರಿಗೆ ಬಂದ ಕಾನೂನು ಈ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿದೆ: 2026ರ ಜುಲೈ 1ರಿಂದ ಹೊಸಬರಿಗೆ ಸ್ನಾತಕೋತ್ತರ ಓದಿನ ಪೂರ್ತಿ ಖರ್ಚನ್ನು ಭರಿಸುತ್ತಿದ್ದ ‘ಗ್ರಾಡ್ ಪ್ಲಸ್’ ಸಾಲ ಇಲ್ಲ, ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗೆ ವರ್ಷಕ್ಕೆ 20,500 ಡಾಲರ್, ಒಟ್ಟು 1,00,000 ಡಾಲರ್ ಮಾತ್ರ. ಖಾಸಗಿಯವರಿಗೆ ಇದರಿಂದ ಸುಗ್ಗಿ ಎಂಬುದು ಬೇರೆ ಮಾತು.

ವಿದ್ಯಾರ್ಥಿ ವೀಸಾದಲ್ಲಿ ಬರುವ ತಂಗಿಗೆ ಈ ಸರ್ಕಾರಿ ಸಾಲ ಸಿಗುವುದಿಲ್ಲ. ಅವಳ ಪಾಲಿಗೆ ಇಲ್ಲಿ ಉಳಿಯುವುದು ಖಾಸಗಿ ಸಾಲ ಒಂದೇ, ಅದಕ್ಕೂ ಸಾಮಾನ್ಯವಾಗಿ ಇಲ್ಲಿನ ಪೌರರೋ ಖಾಯಂ ನಿವಾಸಿಗಳೋ ಜೊತೆಗೆ ಸಹಿ ಹಾಕಬೇಕು. ನನ್ನ ಬಳಿ ಗ್ರೀನ್ ಕಾರ್ಡ್ ಇರುವುದರಿಂದ ಆ ಸಹಿ ನಾನು ಹಾಕಬಲ್ಲೆ. ಆದರೆ ಅದು ಮದುವೆ ಪತ್ರಿಕೆಯಲ್ಲಿ ಹೆಸರು ಹಾಕಿಸಿಕೊಂಡಂತಲ್ಲ. ಅವಳು ಒಂದು ಕಂತು ತಪ್ಪಿಸಿದರೂ ಕಂಪನಿ ನೇರವಾಗಿ ನನ್ನನ್ನು ಕೇಳುತ್ತದೆ, ಮೊದಲ ದಿನದಿಂದಲೇ ಇಡೀ ಸಾಲ ನನ್ನ ಲೆಕ್ಕದಲ್ಲೂ ಕಾಣಿಸುತ್ತದೆ, ನಾಳೆ ನಾನು ಮನೆ ಸಾಲಕ್ಕೆ ಹೋದರೆ ಬ್ಯಾಂಕಿನವರು ಅದನ್ನೂ ಎಣಿಸುತ್ತಾರೆ. ದಿವಾಳಿ ಅರ್ಜಿ ಹಾಕಿದರೂ ಈ ಸಾಲದಿಂದ ಬಿಡುಗಡೆ ಸಿಗುವುದು ಬಹಳ ಕಷ್ಟ. ಇಲ್ಲಿನ ದಿವಾಳಿ ಕಾನೂನಿನ 2005ರ ತಿದ್ದುಪಡಿ ಖಾಸಗಿ ವಿದ್ಯಾಭ್ಯಾಸ ಸಾಲಗಳಿಗೂ ಆ ರಕ್ಷಣೆಯನ್ನು ಕಿತ್ತುಕೊಂಡಿತು. ಇಷ್ಟನ್ನು ತಿಳಿದೇ ನಾನು ಸಹಿ ಹಾಕಲು ಸಿದ್ಧನಿದ್ದೇನೆ.

ನನಗಿರುವ ಹೆಚ್ಚಿನ ಚಿಂತೆ ಡಾಲರಿನದು. ಪದವಿಯ ನಂತರ ಅವಳಿಗೆ ಒಂದು ವರ್ಷ, ವಿಜ್ಞಾನ–ತಂತ್ರಜ್ಞಾನದ ಪದವಿಯಾದ್ದರಿಂದ ಮೇಲೆ 24 ತಿಂಗಳು ಇಲ್ಲಿ ಕೆಲಸ ಮಾಡಲು ಅನುಮತಿ ಸಿಗಬಹುದು. ಆಮೇಲೆ ಬೇಕಾದ ಎಚ್‌-1ಬಿ ಎಂಬ ಉದ್ಯೋಗ ವೀಸಾಗಳಿಗೆ ವರ್ಷಕ್ಕೆ 85,000ದ ಮಿತಿ ಇರುವುದರಿಂದ ಅರ್ಜಿದಾರರನ್ನು ಆಯ್ದುಕೊಳ್ಳುತ್ತಾರೆ, ಪ್ರತಿಭೆ ಇದ್ದರೂ ಆಯ್ಕೆಯಾಗುವ ಭರವಸೆ ಇಲ್ಲ. ಅವಳು ಬೆಂಗಳೂರಿಗೆ ಮರಳಿ ರೂಪಾಯಿಯ ಸಂಬಳದಲ್ಲಿ ಡಾಲರಿನ ಸಾಲ ತೀರಿಸಬೇಕಾಗಿ ಬಂದರೆ, ರೂಪಾಯಿ ಕುಸಿದಷ್ಟೂ ಕಂತು ಭಾರವಾಗುತ್ತದೆ. ರೂಪಾಯಿಯಲ್ಲಿ ಸಾಲ ಮಾಡಿದರೆ ಈ ಭಯವಿಲ್ಲ. ಹಾಗಾಗಿ ದೊಡ್ಡ ಪಾಲು ಊರಿನ ಬ್ಯಾಂಕಿನಿಂದಲೇ ಬರುವುದು ಒಳ್ಳೆಯದು.

ಆ ಬ್ಯಾಂಕಿನ ವಿಷಯದಲ್ಲಿ ನಮ್ಮ ತೊಡಕು ನಿಮಗೇ ಗೊತ್ತು. ಬ್ಯಾಂಕುಗಳು ಅನುಸರಿಸುವ ಮಾದರಿ ವಿದ್ಯಾಭ್ಯಾಸ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಡ. ಅದರ ಮೇಲಕ್ಕೆ ಆಸ್ತಿ ತೋರಿಸಬೇಕು, ನಮ್ಮದೋ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಜಾಗ, ಪಹಣಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಲವರ ಹೆಸರು. ಎಲ್ಲರ ಒಪ್ಪಿಗೆ ಪಡೆಯಲು ಹೊರಟರೆ ಸಾಲಕ್ಕಿಂತ ಮೊದಲು ಮನಸ್ತಾಪ ಬರುತ್ತದೆ. ವಿರಾಜಪೇಟೆಯಲ್ಲಿ ನಿಮ್ಮ ಸ್ವಂತ ಹೆಸರಿನಲ್ಲಿರುವ ಸೈಟನ್ನು ಮಾತ್ರ ತೋರಿಸಿದರೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿ. ತೋಟದ ಮಾತು ಎತ್ತಬೇಡಿ. ಕಟ್ಟಿದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಎಂದು ಏಜೆಂಟರು ಆಸೆ ತೋರಿಸುತ್ತಾರೆ, ಆದರೆ ಸಂಸ್ಕರಿಸದೆ ಮಾರುವ ಕಾಫಿಯ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದಿರುವಾಗ ನಿಮಗೆ ಅದರಿಂದ ಏನೂ ಬರುವುದಿಲ್ಲ.

ಮೈಸೂರಿನವರ ದರ ಶೇ. 12 ಎಂದು ಬರೆದಿದ್ದೀರಿ. ಪೂರ್ತಿ 40 ಲಕ್ಷ ಒಮ್ಮೆಗೇ ಪಡೆದರೆ ವರ್ಷಕ್ಕೆ 4.8 ಲಕ್ಷ, ತಿಂಗಳಿಗೆ 40,000 ರೂಪಾಯಿ ಬರೀ ಬಡ್ಡಿ. ನಮಗೆ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ, ರೋಬಸ್ಟಾ ಕೊಯ್ದು ಮಾರಿದ ಮೇಲೆ. ಕಂತು ಮಾತ್ರ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಂದಿತೇ ಎಂದು ಕೇಳದೆ ತಿಂಗಳು ತಿಂಗಳೂ ಬರುತ್ತದೆ. ಈಚೆಗೆ ಬೆಲೆ ಏರಿತ್ತೆಂಬ ಧೈರ್ಯದಲ್ಲಿ ಲೆಕ್ಕ ಹಾಕಬೇಡಿ, 2018ರಲ್ಲಿ ಕೊಡಗಿನ ತೋಟಗಳನ್ನು ಹಾಳುಮಾಡಿದ ಮಳೆಯನ್ನು ನಾವೆಲ್ಲ ನೋಡಿದ್ದೇವೆ.

ಅವರನ್ನು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಓದುವ ಅವಧಿಯಲ್ಲಿ ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸಿ ಮತ್ತೆ ಬಡ್ಡಿ ಹಾಕುತ್ತಾರೆಯೇ? ಹಣವನ್ನು ಸೆಮಿಸ್ಟರ್‌ಗೆ ತಕ್ಕಂತೆ ಬಿಡುಗಡೆ ಮಾಡುತ್ತಾರೆಯೇ? ಬಿಡುಗಡೆಯಾಗದ ಹಣಕ್ಕೆ ಬಡ್ಡಿ ಇರಬಾರದು. ಇಲ್ಲಿನ ಕಂಪನಿಗಳಲ್ಲಿ ಅನುಕೂಲವೊಂದಿದೆ: ಒಪ್ಪಿಗೆ ಪತ್ರ ಬಂದ ಮೇಲೆ 30 ದಿನ ಷರತ್ತುಗಳನ್ನು ಬದಲಿಸುವಂತಿಲ್ಲ, ಬೇಗ ತೀರಿಸಿದರೆ ದಂಡ ಹಾಕುವಂತೆಯೂ ಇಲ್ಲ. ಆದ್ದರಿಂದ ಅವಸರವಿಲ್ಲ.

ತಂಗಿಯು ಪ್ರಾಧ್ಯಾಪಕರಿಗೆ ಬರೆದು ಸಹಾಯಕಿಯ ಕೆಲಸ ಸಿಗುವುದೇ ಎಂದು ಈ ವಾರವೇ ಕೇಳಲಿ. ಕೆಲವೆಡೆ ಅದರಿಂದ ಶುಲ್ಕವೇ ಮಾಫಿಯಾಗುತ್ತದೆ, ಆಗ ಸಾಲದ ಲೆಕ್ಕ ಅರ್ಧಕ್ಕಿಳಿಯುತ್ತದೆ. ಮೊದಲ ವರ್ಷದ ಬಾಡಿಗೆ, ಊಟ ನನ್ನ ಪಾಲಿಗಿರಲಿ. ಬ್ಯಾಂಕಿನವರು ಎಷ್ಟು ಮಂಜೂರು ಮಾಡುತ್ತಾರೆಂದು ತಿಳಿದ ಮೇಲೆ, ಉಳಿದ ಕೊರತೆಗೆ ಇಲ್ಲಿ ಬದಲಾಗದ ದರದ ಸಾಲಕ್ಕೆ ನಾನು ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ಮೈಸೂರಿನವರ ಕಾಗದಕ್ಕೆ ಸಹಿ ಹಾಕಬೇಡಿ, ಪ್ರೊಸೆಸಿಂಗ್ ಶುಲ್ಕವನ್ನೂ ಕಟ್ಟಬೇಡಿ. ಸೈಟಿನ ದಾಖಲೆಯ ಪ್ರತಿಯನ್ನು ತಂಗಿಯ ಕೈಯಲ್ಲಿ ವಾಟ್ಸ್‌ಆಪ್ ಮಾಡಿಸಿ, ನಾನು ನೋಡಿ ಹೇಳುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗ