ಮನೆಗೆ ಹೊರಡುವ ಮುನ್ನ ಮೂತ್ರ ಹೋಯಿತೇ ಎಂದು ಕೇಳಿ

ಮಾನ್ಯ ಸಂಪಾದಕರೇ,

ಬೆಳಿಗ್ಗೆ ಆಪರೇಷನ್, ಸಂಜೆಗೆ ಮನೆ. ಹರ್ನಿಯಾ, ಮೂಲವ್ಯಾಧಿ, ಮಣಿಕಟ್ಟಿನ ಮೂಳೆ ಮುರಿತದಂಥ ಶಸ್ತ್ರಚಿಕಿತ್ಸೆಗಳಲ್ಲಿ ಇದು ಈಗ ಮಾಮೂಲು, ತಪ್ಪೂ ಅಲ್ಲ. ಆದರೆ ಡಿಸ್ಚಾರ್ಜ್ ದಿನ ಮನೆಯವರ ಹೊತ್ತೆಲ್ಲ ಬಿಲ್ ಕೌಂಟರ್, ವಿಮೆ ಮಂಜೂರಾತಿ, ಔಷಧಿ ಅಂಗಡಿಗಳ ನಡುವೆ ಓಡಾಡುವುದರಲ್ಲೇ ಮುಗಿಯುತ್ತದೆ. ರೋಗಿಯನ್ನು ಹೇಗೆ ನೋಡಿಕೊಳ್ಳಬೇಕೆಂಬ ಮಾತು ಲಿಫ್ಟ್ ಮುಂದೆ ಅವಸರದಲ್ಲಿ ಆಗುತ್ತದೆ. ಆಪರೇಷನ್‌ಗೆ ಮುಂಚಿನ ಅರಿವಳಿಕೆ ತಪಾಸಣೆಗೆ ಬಂದ ದಿನವೇ ಅದನ್ನು ಹೇಳಿ, ಹೊರಡುವಾಗ ಮನೆಯವರ ಬಾಯಿಂದಲೇ ಮತ್ತೊಮ್ಮೆ ಹೇಳಿಸಬೇಕು.

ಆಪರೇಷನ್ ಆದ ಕೂಡಲೇ ಇರಿಸುವ ರಿಕವರಿ ಕೋಣೆಯಿಂದ ವಾರ್ಡಿಗೆ ಕಳಿಸಲು 1970ರಲ್ಲಿ ಬಂದು ಮುಂದೆ ಪರಿಷ್ಕೃತವಾದ ಆಲ್ಡ್ರೆಟ್ ಅಂಕಪಟ್ಟಿ ಇದೆ. ಕೈಕಾಲು ಚಲನೆ, ಉಸಿರಾಟ, ರಕ್ತದೊತ್ತಡ, ಎಚ್ಚರ, ರಕ್ತದಲ್ಲಿನ ಆಮ್ಲಜನಕ, ಒಂದೊಂದಕ್ಕೆ 2 ಅಂಕ. 10ಕ್ಕೆ 9 ಬಂದರೆ ವಾರ್ಡಿಗೆ ಸಾಕು. ಮನೆಗೆ ಸಾಲದು. ಮನೆಗೆ ಕಳಿಸಲು ನಾಡಿ ಮತ್ತು ರಕ್ತದೊತ್ತಡ ಆಪರೇಷನ್‌ಗೆ ಮುಂಚಿನ ಮಟ್ಟಕ್ಕಿಂತ ಶೇ 20ಕ್ಕಿಂತ ಹೆಚ್ಚು ಏರಿಳಿದಿರಬಾರದು, ತಲೆಸುತ್ತಿಲ್ಲದೆ ನಡೆಯುವಂತಿರಬೇಕು, ನೋವು ಮತ್ತು ವಾಂತಿ ಮಾತ್ರೆಗೆ ತಗ್ಗಬೇಕು, ಗಾಯದ ಪಟ್ಟಿ ರಕ್ತದಿಂದ ಮತ್ತೆ ಮತ್ತೆ ನೆನೆಯಬಾರದು.

ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ ಮೂತ್ರದ ವಿಚಾರ ದೊಡ್ಡದು. ಕಾಲಿಗೆ ಶಕ್ತಿ ಬಂದ ಮೇಲೂ ಮೂತ್ರಕೋಶದ ಸ್ಪರ್ಶ ಮರಳಿರುವುದಿಲ್ಲ. ತುಂಬಿದರೂ ರೋಗಿಗೆ ತಿಳಿಯದು. ಉಕ್ಕಿ ಹನಿಹನಿಯಾಗಿ ಹೋದದ್ದನ್ನೇ ‘ಮೂತ್ರ ಹೋಯಿತು’ ಎಂದು ಬರೆದುಕೊಳ್ಳುವುದುಂಟು. ಹರ್ನಿಯಾ, ಮೂಲವ್ಯಾಧಿ ಆಪರೇಷನ್ ಆದವರಲ್ಲಿ, ಪ್ರಾಸ್ಟೇಟ್ ದಪ್ಪವಾಗಿರುವ ಹಿರಿಯರಲ್ಲಿ ಇದು ಹೆಚ್ಚು. ಅನುಮಾನವಿದ್ದರೆ ಸ್ಕ್ಯಾನ್ ಮಾಡಬೇಕು, 500–600 ಮಿ.ಲೀ. ದಾಟಿಯೂ ತಾನಾಗಿ ಹೋಗದಿದ್ದರೆ ಕ್ಯಾತಿಟರ್ ಎಂಬ ನಳಿಕೆ ಹಾಕಿ ತೆಗೆಯಬೇಕು. ಎದ್ದು ಕೂತರೆ ಹೆಚ್ಚಿ, ಮಲಗಿದರೆ ಇಳಿಯುವ ತಲೆನೋವು ಮೂರು ದಿನದೊಳಗೆ ಕಾಣಿಸಿಕೊಂಡರೆ ಅದು ಆ ಇಂಜೆಕ್ಷನ್‌ನದೇ ಇರಬಹುದು. ನೋವಿನ ಮಾತ್ರೆ ನುಂಗುತ್ತ ಕೂರದೆ ಅರಿವಳಿಕೆ ವೈದ್ಯರಿಗೆ ತಿಳಿಸಿ.

ಮಾತ್ರೆಗಳ ಲೆಕ್ಕ ತಪ್ಪುವುದು ಹೀಗೆ. ಚೀಟಿಯಲ್ಲಿ ನೋವಿಗೆ ಟ್ರಮಡಾಲ್ ಜೊತೆ ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ದಿನಕ್ಕೆ ಮೂರು, ಇನ್ನೊಂದು ನೋವಿನ ಔಷಧಿ ಅಸಿಕ್ಲೊಫೆನಾಕ್ ಜೊತೆ ಅದು ಸೇರಿದ್ದು ಎರಡು. ಒಂದೊಂದರಲ್ಲೂ ಪ್ಯಾರಾಸಿಟಮಾಲ್ 325 ಮಿ.ಗ್ರಾಂ. ಇದ್ದರೆ ಒಟ್ಟು 1,625. ಮೈ ಬಿಸಿಯಾಗಿದೆಯೆಂದು ಮನೆಯಲ್ಲಿದ್ದ 650ರ ಪ್ಯಾರಾಸಿಟಮಾಲ್ ಮಾತ್ರೆ ನಾಲ್ಕು ಸಲ ಕೊಟ್ಟರೆ 4,225. ವಯಸ್ಕರ ಮಿತಿ ದಿನಕ್ಕೆ 4,000. ತೂಕ ಕಡಿಮೆಯಿದ್ದವರಿಗೆ, ಯಕೃತ್ತಿನ ಕಾಯಿಲೆಯವರಿಗೆ ಅದಕ್ಕಿಂತಲೂ ಕಡಿಮೆ. ನಿಲ್ಲಿಸಿದ್ದ ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಮಾತ್ರೆ, ಇನ್ಸುಲಿನ್ ಮತ್ತೆ ಯಾವತ್ತಿನಿಂದ ಎಂಬುದನ್ನು ತಾರೀಖು ಹಾಕಿ ಬರೆಸಿಕೊಳ್ಳಿ. ‘ಮೊದಲಿನಂತೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ.

ಟ್ರಮಡಾಲ್‌ನಿಂದ ಮಲಬದ್ಧತೆಯಾಗುತ್ತದೆ. ಅದರ ಮೇಲೆ ‘ನಂಜು’ ಎಂದು ತರಕಾರಿ ಬಿಡಿಸಿ, ಬರೀ ಅನ್ನ ಕೊಟ್ಟು, ನೀರೂ ಕಡಿಮೆ ಮಾಡಿಸಿದರೆ ರೋಗಿ ಮಲವಿಸರ್ಜನೆಗೆ ತಿಣುಕುತ್ತಾನೆ. ಹೊಲಿಗೆಗೆ ಅದೇ ಕೆಡುಕು. ವೈದ್ಯರು ಪಥ್ಯ ಹೇಳದಿದ್ದರೆ ಸೊಪ್ಪು, ಹಣ್ಣು, ಸಾಕಷ್ಟು ನೀರು ಕೊಡಿ. (ಬದನೆಕಾಯಿಗೆ ಕೀವಾಗುತ್ತದೆ ಎನ್ನುವ ಅಜ್ಜಿಯೊಡನೆ ವಾದ ಬೇಡ, ಬೇರೆ ತರಕಾರಿ ಮಾಡಿ.)

ಕೈ ಮರಗಟ್ಟಿಸಲು ತೋಳಿಗೆ ನರದ ಇಂಜೆಕ್ಷನ್ ಕೊಟ್ಟಿದ್ದರೆ ಕೈ ಅರ್ಧ ದಿನವೋ ಒಂದು ದಿನವೋ ಜೋಮು ಹಿಡಿದಿರುತ್ತದೆ. ಬಿಸಿನೀರಿನ ಚೀಲ ಇಟ್ಟರೆ ಸುಟ್ಟರೂ ಗೊತ್ತಾಗದು. ಕೈಯನ್ನು ಜೋಳಿಗೆಪಟ್ಟಿಯಲ್ಲೇ ಇಡಿ. ಜೋಮು ಪೂರ್ತಿ ಬಿಡುವ ಮುಂಚೆಯೇ ನೋವಿನ ಮಾತ್ರೆ ಶುರುಮಾಡಿ. ಬಿಟ್ಟ ಮೇಲೆ ನಡುರಾತ್ರಿಯಲ್ಲಿ ಆ ನೋವು ಹಿಡಿತಕ್ಕೆ ಸಿಗುವುದು ಕಷ್ಟ.

ಪೂರ್ಣ ಅರಿವಳಿಕೆ ಅಥವಾ ಮಂಪರು ಕೊಟ್ಟಿದ್ದರೆ 24 ಗಂಟೆ ಜವಾಬ್ದಾರಿಯುತ ವಯಸ್ಕರೊಬ್ಬರು ಜೊತೆಗಿರಬೇಕು. ಗಾಡಿ ಓಡಿಸುವುದು, ಮದ್ಯ, ಒಲೆ ಕೆಲಸ, ಕಾಗದಪತ್ರಕ್ಕೆ ಸಹಿ ಯಾವುದೂ ಬೇಡ.

ವಿಮೆಯ ಅಂತಿಮ ಮಂಜೂರಾತಿ ಮೂರು ಗಂಟೆಯೊಳಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಹೇಳಿದೆ. ಆದರೂ ಎಲ್ಲ ಮುಗಿಯುವಷ್ಟರಲ್ಲಿ ಸಂಜೆಯಾಗಿ, ಬೆಂಗಳೂರಿನಿಂದ ಕಲಬುರಗಿ, ಯಾದಗಿರಿಗೆ ಅದೇ ರಾತ್ರಿ ಸ್ಲೀಪರ್ ಬಸ್ ಹತ್ತುವವರಿದ್ದಾರೆ. ಮೊದಲ ರಾತ್ರಿ ಆಸ್ಪತ್ರೆಯಿರುವ ಊರಲ್ಲೇ ಉಳಿಯುವ ಏರ್ಪಾಟನ್ನು ಮುಂಚೆಯೇ ಮಾಡಿಕೊಳ್ಳಿ. ಮೀನಖಂಡ ಊದಿ ನೋವಾದರೆ, 100.4 ಡಿಗ್ರಿ ದಾಟಿ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಟಾನ್ಸಿಲ್ ತೆಗೆಸಿಕೊಂಡ ಮಗುವಿಗೆ ಐದರಿಂದ ಹತ್ತನೇ ದಿನದ ನಡುವೆಯೂ ರಕ್ತ ಬರಬಹುದು, ಬಂದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಡಿಸ್ಚಾರ್ಜ್ ಹಾಳೆಯಲ್ಲಿ ಸಾಮಾನ್ಯವಾಗಿ ಹೊರರೋಗಿ ವಿಭಾಗದ ವೇಳೆ ಮಾತ್ರ ಇರುತ್ತದೆ. ರಾತ್ರಿ ಎರಡಕ್ಕೂ ಡ್ಯೂಟಿ ವೈದ್ಯರು ಎತ್ತಿಕೊಳ್ಳುವ ಫೋನ್ ಸಂಖ್ಯೆ ಅದರಲ್ಲಿ ಮೊದಲ ಸಾಲಿನಲ್ಲೇ, ಕನ್ನಡದಲ್ಲಿ ಇರಬೇಕೆಂದು ಆಸ್ಪತ್ರೆಗಳನ್ನು ಕೋರುತ್ತೇವೆ.

ಅರಿವಳಿಕೆ ವಿಭಾಗದ ಕೆಲವು ವೈದ್ಯರು ಮತ್ತು ಶುಶ್ರೂಷಾಧಿಕಾರಿಗಳು, ದಾವಣಗೆರೆ