ಎಚ್ಚರಿಕೆ ದೀಪದ ಭಾರ ಕಂಟ್ರೋಲರ್ ಹೊರಬಾರದು

ಮಾನ್ಯ ಸಂಪಾದಕರೇ,

ಆಂಬುಲೆನ್ಸ್, ಕೆಟ್ಟು ನಿಂತ ವಾಹನಗಳನ್ನು ಎಳೆಯುವ ರಿಕವರಿ ಲಾರಿ, ರಸ್ತೆ ದುರಸ್ತಿ ವಾಹನ ಇವಕ್ಕೆಲ್ಲ ಹೆಚ್ಚುವರಿ ಎಚ್ಚರಿಕೆ ದೀಪ ಹಾಕಿಸುವುದು ಈಗ ಸಾಮಾನ್ಯ. ಹಾಕಿಸುವವರು ದೀಪದ ಪ್ರಖರತೆ, ಬಣ್ಣ, ಬೆಲೆ ನೋಡುತ್ತಾರೆ. ಅದಕ್ಕೆ ಕರೆಂಟು ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳುವವರು ಕಡಿಮೆ. ದೀಪಗಳನ್ನು ಹೊತ್ತಿಸಿ ಮಿನುಗಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಕಂಟ್ರೋಲರ್‌ನ ಖಾಲಿ ಔಟ್‌ಪುಟ್‌ಗೋ ಇಂಡಿಕೇಟರ್ ವೈರಿಗೋ ಹೊಸ ದೀಪವನ್ನು ನೇರವಾಗಿ ಸೇರಿಸಿ ಕೈತೊಳೆದುಕೊಳ್ಳುವುದೇ ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ಈ ರೂಢಿ ನಿಲ್ಲಬೇಕೆಂಬುದೇ ನಮ್ಮ ಪತ್ರದ ಉದ್ದೇಶ. ಕಂಟ್ರೋಲರ್ ಆಜ್ಞೆ ಮಾತ್ರ ಕೊಡಲಿ. ದೀಪ ಉರಿಸುವ ಕರೆಂಟು ಬ್ಯಾಟರಿಯಿಂದ ತನ್ನದೇ ಫ್ಯೂಸ್ ದಾಟಿ ಬೇರೆ ದಾರಿಯಲ್ಲಿ ಬರಲಿ.

ಲೆಕ್ಕ ಕಷ್ಟದ್ದಲ್ಲ. ವ್ಯಾಟ್‌ ಅನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್. ತಲಾ 12 ವ್ಯಾಟ್‌ನ ನಾಲ್ಕು ಎಲ್‌ಇಡಿ ದೀಪ, ಮಾಡಿನ ಮೇಲೆ 60 ವ್ಯಾಟ್‌ನ ಒಂದು ಲೈಟ್ ಬಾರ್ ಎಂದಿಟ್ಟುಕೊಳ್ಳಿ. ಒಟ್ಟು 108 ವ್ಯಾಟ್, 12 ವೋಲ್ಟ್‌ಗೆ 9 ಆಂಪಿಯರ್. ಕಂಟ್ರೋಲರ್ ಮೇಲೆ ‘ಒಂದು ಔಟ್‌ಪುಟ್‌ಗೆ 2 ಆಂಪಿಯರ್, ಒಟ್ಟು 6 ಆಂಪಿಯರ್’ ಎಂದು ಬರೆದಿದ್ದರೆ ಎರಡನ್ನೂ ಓದಬೇಕು. ನಾಲ್ಕು ಔಟ್‌ಪುಟ್ ಇವೆ, ಹಾಗಾಗಿ 8 ಆಂಪಿಯರ್ ಸಿಗುತ್ತದೆ ಎಂದು ಗುಣಿಸಿಕೊಳ್ಳುವುದು ತಪ್ಪು. ಒಳಗಿನ ಬೋರ್ಡಿಗೂ ಬರುವ ವೈರಿಗೂ ಒಟ್ಟು ಮಿತಿ ಬೇರೆಯೇ ಇರುತ್ತದೆ.

ಸ್ಥಿರವಾಗಿ ಉರಿಯುವಾಗಿನ ಕರೆಂಟಿನ ಜೊತೆ ಹೊತ್ತುವ ಕ್ಷಣದ ಕರೆಂಟನ್ನೂ ಗಮನಿಸಬೇಕು. 21 ವ್ಯಾಟ್‌ನ ಫಿಲಮೆಂಟ್ ಬಲ್ಬು ಉರಿಯುವಾಗ 1.75 ಆಂಪಿಯರ್ ಎಳೆದರೆ, ತಣ್ಣಗಿರುವಾಗ ಹೊತ್ತಿದ ಕೆಲವೇ ಮಿಲಿಸೆಕೆಂಡು ಎಂಟು-ಹತ್ತು ಪಟ್ಟು ಎಳೆಯಬಲ್ಲದು. ಎಲ್‌ಇಡಿ ದೀಪದ ಒಳಗೂ ಚಾರ್ಜ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಿರುತ್ತವೆ, ಅವು ತುಂಬುವಾಗಲೂ ಇಂಥದೇ ಏರಿಕೆ. ಮಿನುಗುವ ದೀಪದಲ್ಲಿ ಇದು ಪ್ರತಿ ಮಿನುಗಿಗೂ ಮರುಕಳಿಸುತ್ತದೆ. ಕಂಟ್ರೋಲರ್‌ನೊಳಗಿನ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಕಾದು ಕಾದು ಕೊನೆಗೆ ಶಾರ್ಟ್ ಆದರೆ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮನೆ ಉರಿಯುತ್ತದೆ. ಒಳ್ಳೆಯ ಕಂಟ್ರೋಲರ್ ಆದರೆ ಬಿಸಿ ಹೆಚ್ಚಿದಾಗ ತಾನೇ ಔಟ್‌ಪುಟ್ ಕಡಿದು, ತಣಿದ ಮೇಲೆ ಮತ್ತೆ ಕೊಡುತ್ತದೆ. ಹತ್ತು ನಿಮಿಷ ಸರಿಯಾಗಿ ಉರಿದ ದೀಪ ಆರಿ, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಂಡರೆ ಲೂಸ್ ಕನೆಕ್ಷನ್ ಎಂದುಕೊಂಡು ವೈರು ಜಗ್ಗುವ ಮೊದಲು ಓವರ್‌ಲೋಡ್ ಅನುಮಾನಿಸಿ. ಕತ್ತಲ ರಸ್ತೆಯಲ್ಲಿ ನಿಂತ ವಾಹನದ ಸುತ್ತ ಜನ ಕೆಲಸ ಮಾಡುತ್ತಿರುವಾಗ ಆ ಕೆಲವು ನಿಮಿಷ ದೀಪ ಇಲ್ಲದಿರುವುದು ಸಣ್ಣ ವಿಷಯವಲ್ಲ.

ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನ ಆಜ್ಞೆಗೆ ದೊಡ್ಡ ಕರೆಂಟನ್ನು ಹರಿಸುವ, ಕಡಿಯುವ ಸ್ವಿಚ್. ಸಾಮಾನ್ಯ 12 ವೋಲ್ಟ್ ವಾಹನ ರಿಲೇಯಲ್ಲಿ ಆಜ್ಞೆ ಪಡೆಯುವ ತಂತಿ ಸುರುಳಿಯಾದ ಕಾಯಿಲ್ 150 ಮಿಲಿಆಂಪಿಯರ್ ಆಸುಪಾಸು ಎಳೆಯುತ್ತದೆ, ಅದು ಸೇರಿಸಿ ಬಿಡಿಸುವ ಕಾಂಟ್ಯಾಕ್ಟ್ 30 ಆಂಪಿಯರ್ ಹೊರುತ್ತದೆ. ರಿಲೇಯ ಕಾಲುಗಳಿಗೆ ಸಂಖ್ಯೆಗಳಿವೆ. 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಬಂದ ಪಾಸಿಟಿವ್, 87ಕ್ಕೆ ದೀಪ. 85 ಮತ್ತು 86 ಕಾಯಿಲ್‌ನ ಎರಡು ತುದಿ. ಕಂಟ್ರೋಲರ್ ಪಾಸಿಟಿವ್ ಕೊಡುವ ಜಾತಿಯದಾದರೆ ಅದರ ಔಟ್‌ಪುಟ್ 86ಕ್ಕೆ, 85 ಬ್ಯಾಟರಿಯ ನೆಗೆಟಿವ್ ಸೇರಿದ ವಾಹನದ ಲೋಹದ ಮೈಗೆ, ಅಂದರೆ ಅರ್ಥ್‌ಗೆ. ಅರ್ಥ್ ಕೊಡುವ ಜಾತಿಯದಾದರೆ 86ಕ್ಕೆ ಇಗ್ನಿಷನ್ನಿನಿಂದ ಫ್ಯೂಸ್ ದಾಟಿ ಬಂದ ಪಾಸಿಟಿವ್, 85 ಕಂಟ್ರೋಲರ್‌ಗೆ. ಯಾವ ಜಾತಿ ಎಂಬುದನ್ನು ಮಲ್ಟಿಮೀಟರ್ ಹಿಡಿದು ನೋಡಿಯೇ ಮುಂದುವರಿಯಬೇಕು. 87ಎ ಎಂಬ ಐದನೇ ಕಾಲು ಇದ್ದರೆ ಅದನ್ನು ಬಳಸಬೇಡಿ, ರಿಲೇ ಆಫ್ ಇರುವಾಗ ಕರೆಂಟು ಬರುವ ಕಾಲು ಅದು.

ರಿಲೇ ಹಾಕಿಯೂ ಕಂಟ್ರೋಲರ್ ಸುಡುವುದುಂಟು, ಕಾರಣ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇಲ್ಲದಿರುವುದು. ಕಾಯಿಲ್‌ನ ಕರೆಂಟು ಕಡಿದ ಕ್ಷಣ ಅದರಿಂದ ನೂರಾರು ವೋಲ್ಟ್‌ನ ಹಿಮ್ಮುಖ ಹೊಡೆತ ಹುಟ್ಟಿ ಟ್ರಾನ್ಸಿಸ್ಟರಿಗೆ ನೇರ ತಾಗುತ್ತದೆ. 85-86ರ ನಡುವೆ 1ಎನ್4007 ಡಯೋಡ್ ಒಂದನ್ನು, ಬೆಳ್ಳಿಗೆರೆ ಇರುವ ತುದಿ ಪಾಸಿಟಿವ್ ಕಡೆಗೆ ಬರುವಂತೆ ಹಾಕಿದರೆ ಆ ಹೊಡೆತ ಅಲ್ಲೇ ಸುತ್ತಿ ಅಡಗುತ್ತದೆ. ತಿರುವುಮುರುವು ಹಾಕಿದರೆ ಅದೇ ಶಾರ್ಟ್ ಸರ್ಕ್ಯೂಟ್, ಮೊದಲ ಸ್ವಿಚ್ಚಿಗೇ ಔಟ್‌ಪುಟ್ ಹೋಗುತ್ತದೆ. ಡಯೋಡ್ ಒಳಗೇ ಇರುವ ರಿಲೇಗಳೂ ಸಿಗುತ್ತವೆ. ಅಂಥವಕ್ಕೆ 85, 86 ಅದಲುಬದಲಾಗುವಂತಿಲ್ಲ, ಮೈಮೇಲಿನ ಚಿತ್ರ ನೋಡಿಯೇ ಜೋಡಿಸಬೇಕು.

ಇನ್ನು, ಅನುಭವಿ ಕೆಲಸಗಾರರೂ ಕಡೆಗಣಿಸುವ ಸಂಗತಿ. ಮಿನುಗುವುದನ್ನು ರಿಲೇ ಕೈಯಲ್ಲಿ ಮಾಡಿಸಬಾರದು. ಪೂರ್ಣ ಲೋಡಿನಲ್ಲಿ ರಿಲೇ ಕಾಂಟ್ಯಾಕ್ಟ್ ಸಾಮಾನ್ಯವಾಗಿ ಒಂದು ಲಕ್ಷ ಬಾರಿ ತೆರೆದು ಮುಚ್ಚುವಷ್ಟು ಬಾಳುತ್ತದೆ. ಹೆಡ್‌ಲೈಟ್‌ಗೆ ಅದು ವಾಹನದ ಆಯುಷ್ಯಕ್ಕೂ ಹೆಚ್ಚು. ಆದರೆ ನಿಮಿಷಕ್ಕೆ 120 ಬಾರಿ ಮಿನುಗಿದರೆ ಗಂಟೆಗೆ 7,200 ಆಯಿತು, ಹದಿನಾಲ್ಕು ಗಂಟೆಯಲ್ಲಿ ಲಕ್ಷ ಮುಗಿಯಿತು. ಲೋಡು ಕಡಿಮೆಯಿದ್ದರೆ ಇನ್ನಷ್ಟು ಕಾಲ ತಳ್ಳಬಹುದು, ಆದರೂ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗುವುದು ಅಥವಾ ಅಂಟಿಕೊಳ್ಳುವುದು ಖಂಡಿತ. ಆದ್ದರಿಂದ ಮಿನುಗುವ ಸರ್ಕ್ಯೂಟ್ ತನ್ನೊಳಗೇ ಇರುವ ದೀಪವನ್ನು ಆಯ್ದುಕೊಂಡು, ರಿಲೇಗೆ ಆನ್-ಆಫ್ ಕೆಲಸ ಮಾತ್ರ ಬಿಡುವುದು ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದು. ಇದಕ್ಕೆ ಕಂಟ್ರೋಲರ್‌ನ ಔಟ್‌ಪುಟ್ ಮಿನುಗದೆ ಸ್ಥಿರವಾಗಿ ಬರುವಂತೆ ಹೊಂದಿಸಬೇಕು. ಎರಡು ದೀಪ ಒಟ್ಟಿಗೆ ಅಥವಾ ಒಂದಾದ ಮೇಲೊಂದು ಮಿನುಗಬೇಕಾದರೆ ಅವುಗಳ ಮಿನುಗು ಹೊಂದಿಸುವ ಸಿಂಕ್ ವೈರುಗಳನ್ನು ಪರಸ್ಪರ ಸೇರಿಸಬೇಕು. ಅದು ಸಿಗ್ನಲ್ ವೈರು, ಕೈಪಿಡಿ ಹೇಳದ ಹೊರತು ಅದಕ್ಕೆ 12 ವೋಲ್ಟ್ ತಾಗಿಸಬೇಡಿ. ಮಿನುಗಿಸುವ ಕೆಲಸ ಕಂಟ್ರೋಲರೇ ಮಾಡಬೇಕೆಂದಿದ್ದರೆ ಕಾಂಟ್ಯಾಕ್ಟ್ ಇಲ್ಲದೆ ಎಲೆಕ್ಟ್ರಾನಿಕ್ ಆಗಿ ಕೆಲಸ ಮಾಡುವ ಸಾಲಿಡ್ ಸ್ಟೇಟ್ ರಿಲೇ ಹಾಕಿ. ಅದು ಬ್ಯಾಟರಿಯ ನೇರ ಕರೆಂಟಿನದೇ (ಡಿಸಿ) ಆಗಿರಬೇಕು. ಮನೆಯ ಪರ್ಯಾಯ ವಿದ್ಯುತ್ತಿಗೆಂದು ಮಾಡಿದ್ದನ್ನು ತಂದು ಹಾಕಿದರೆ ಒಮ್ಮೆ ಹೊತ್ತಿದ ದೀಪ ಆರುವುದಿಲ್ಲ. ಸಾಲಿಡ್ ಸ್ಟೇಟ್ ರಿಲೇಯಿಂದ ಆಫ್ ಇರುವಾಗಲೂ ಅಲ್ಪ ಕರೆಂಟು ಸೋರುವುದರಿಂದ ಎಲ್‌ಇಡಿ ಮಂಕಾಗಿ ಉರಿಯಬಹುದು. ದೀಪಕ್ಕೆ ಸಮಾನಾಂತರವಾಗಿ 1 ಕಿಲೋಓಮ್, ಅರ್ಧ ವ್ಯಾಟ್‌ನ ರೆಸಿಸ್ಟರ್ ಹಾಕಿದರೆ ಸಾಮಾನ್ಯವಾಗಿ ಸಾಕು.

ಫ್ಯೂಸ್ ಇರುವುದು ದೀಪ ಉಳಿಸಲಿಕ್ಕಲ್ಲ, ವೈರು ಹೊತ್ತಿ ಉರಿಯದಂತೆ ತಡೆಯಲಿಕ್ಕೆ. ಹಾಗಾಗಿ ಅದು ಬ್ಯಾಟರಿಯ ಪಕ್ಕದಲ್ಲೇ, ಒಂದಡಿ ಒಳಗೆ ಇರಬೇಕು. ದೀಪದ ಬಳಿ ಇಟ್ಟ ಫ್ಯೂಸ್ ನಡುವಿನ ಇಡೀ ವೈರನ್ನು ಅನಾಥವಾಗಿ ಬಿಡುತ್ತದೆ. ಮೇಲಿನ 9 ಆಂಪಿಯರ್‌ಗೆ ಕಾಲುಭಾಗ ಸೇರಿಸಿದರೆ 11ಕ್ಕೆ ತುಸು ಹೆಚ್ಚು, ಆದ್ದರಿಂದ 15 ಆಂಪಿಯರ್‌ನ ನೀಲಿ ಬ್ಲೇಡ್ ಫ್ಯೂಸ್. ಮುಖ್ಯ ವೈರಿನಿಂದ ಒಂದೊಂದು ದೀಪಕ್ಕೆ ಸಣ್ಣ ವೈರು ಕವಲೊಡೆದರೆ ಆ ಕವಲನ್ನು 15 ಆಂಪಿಯರ್ ಫ್ಯೂಸ್ ಕಾಯುವುದಿಲ್ಲ, ಅದಕ್ಕೆ ಬೇರೆಯೇ ಸಣ್ಣ ಫ್ಯೂಸ್ ಬೇಕು.

ವೈರಿನ ದಪ್ಪವನ್ನು ವೋಲ್ಟೇಜ್ ಇಳಿತ ನಿರ್ಧರಿಸಲಿ. ಒಂದು ಮೀಟರ್ ಉದ್ದ, ಒಂದು ಚದರ ಮಿಲಿಮೀಟರ್ ತಾಮ್ರದ ರೋಧ ಸುಮಾರು 0.0172 ಓಮ್. ಹೋಗಲು 5 ಮೀಟರ್, ಬರಲು 5 ಮೀಟರ್ ವೈರು ಎಳೆದು 9 ಆಂಪಿಯರ್ ಹರಿಸಿದರೆ 0.5 ಚದರ ಮಿಲಿಮೀಟರ್ ವೈರಿನಲ್ಲಿ 3.1 ವೋಲ್ಟ್ ಹೋಗಿಬಿಡುತ್ತದೆ. 1.5ರಲ್ಲಿ 1 ವೋಲ್ಟ್, 2.5ರಲ್ಲಿ 0.6, 4ರಲ್ಲಿ 0.4. ಅರ್ಧ ವೋಲ್ಟ್ ಮೀರಬಾರದೆಂದರೆ 4 ಚದರ ಮಿಲಿಮೀಟರ್ ವೈರೇ ಬೇಕು. ಇಳಿತ ಹೆಚ್ಚಾದರೆ ಫಿಲಮೆಂಟ್ ಬಲ್ಬು ಮಂಕಾಗುತ್ತದೆ ಅಷ್ಟೇ. ಆದರೆ ಒಳಗೆ ಬೆಳಕನ್ನು ಒಂದೇ ಸಮ ಇಡುವ ಸ್ವಿಚಿಂಗ್ ಡ್ರೈವರ್ ಇರುವ ಎಲ್‌ಇಡಿ ದೀಪ ವೋಲ್ಟೇಜ್ ಇಳಿದಷ್ಟೂ ಅದೇ ಬೆಳಕಿಗಾಗಿ ಹೆಚ್ಚು ಆಂಪಿಯರ್ ಎಳೆಯುತ್ತದೆ, ತೆಳು ವೈರು ಮತ್ತಷ್ಟು ಕಾಯುತ್ತದೆ.

ಅರ್ಥ್‌ ಜೋಡಿಸುವ ಕಡೆ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಿಸಬೇಕು, ರಿಂಗ್ ಲಗ್ಗಿನ ಜೊತೆ ಸ್ಟಾರ್ ವಾಷರ್, ಮೇಲೆ ಗ್ರೀಸ್. ಜಾಯಿಂಟುಗಳನ್ನು ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ ಹೀಟ್‌ಶ್ರಿಂಕ್ ಸ್ಲೀವ್ ಹಾಕಬೇಕು. ಬೆಸುಗೆ ಹಾಕಿದ ಜಾಗದ ಅಂಚಿನಲ್ಲಿ ವೈರು ಕಂಪನಕ್ಕೆ ಮುರಿಯುತ್ತದೆ. ತಗಡಿನ ತೂತು ದಾಟುವಲ್ಲೆಲ್ಲ ರಬ್ಬರ್ ಗ್ರಾಮೆಟ್ ಇರಲೇಬೇಕು.

ಹೊಸ ವಾಹನಗಳ ಇಂಡಿಕೇಟರ್, ಟೇಲ್ ಲ್ಯಾಂಪ್ ವೈರುಗಳ ಹಿಂದೆಯೂ ಕಂಪ್ಯೂಟರ್ ಇದೆ. ಬಲ್ಬು ಸುಟ್ಟಿದೆಯೇ ಎಂದು ತಿಳಿಯಲು ಅದು ಆಗಾಗ ಸಣ್ಣ ಕರೆಂಟು ಕಳಿಸಿ ನೋಡುತ್ತದೆ. ಅಲ್ಲಿಗೆ ದೀಪ ಸೇರಿಸಿದರೆ ಆಫ್ ಇದ್ದಾಗಲೂ ಎಲ್‌ಇಡಿ ಮಿಣುಕುತ್ತದೆ, ಇಲ್ಲವೇ ಡ್ಯಾಶ್‌ಬೋರ್ಡಿನಲ್ಲಿ ದೋಷದ ಸೂಚನೆ ಬರುತ್ತದೆ. ಬೆಳಕು ತಗ್ಗಿಸಲು ಕರೆಂಟನ್ನು ಸೆಕೆಂಡಿಗೆ ನೂರಾರು ಬಾರಿ ಕಡಿದು ಕೊಡುವ ಔಟ್‌ಪುಟ್‌ಗೆ ರಿಲೇ ಹಾಕಿದರೆ ಅದು ಗರಗರ ಎನ್ನುತ್ತದೆ, ಬೇಗ ಸಾಯುತ್ತದೆ. ದೋಷದ ಸೂಚನೆ ಅಡಗಿಸಲು 6 ಓಮ್, 50 ವ್ಯಾಟ್ ರೆಸಿಸ್ಟರ್ ಹಾಕುವವರಿದ್ದಾರೆ. 12 ವೋಲ್ಟ್‌ಗೆ ಅದೊಂದೇ 2 ಆಂಪಿಯರ್ ಎಳೆದು 24 ವ್ಯಾಟ್ ಬಿಸಿಯಾಗುತ್ತದೆ. ಕಂಟ್ರೋಲರ್ ಭಾರ ಇಳಿಸಲು ಹೊರಟವರು ಭಾರ ಏರಿಸಿದ ಹಾಗಾಯಿತು, ಪ್ಲಾಸ್ಟಿಕ್ಕಿಗೆ ಅಂಟಿಸಿದ್ದರೆ ಅದೂ ಕರಗುತ್ತದೆ. 24 ವೋಲ್ಟ್ ಲಾರಿಗಳಲ್ಲಿ ಎರಡು ಬ್ಯಾಟರಿಯ ನಡುವಿನಿಂದ 12 ವೋಲ್ಟ್ ಕದಿಯುವುದನ್ನೂ ಬಿಡಬೇಕು. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗಿ ಕೆಡುತ್ತದೆ. ಅಲ್ಲಿಗೆ 24 ವೋಲ್ಟ್‌ನ ದೀಪ ಅಥವಾ ಕನ್ವರ್ಟರ್ ಬೇಕು.

ಕೆಲಸ ಮುಗಿದ ಮೇಲೆ ದೀಪ ಹೊತ್ತಿತೆಂದು ವಾಹನ ಬಿಟ್ಟುಕೊಡಬಾರದು. ಎಂಜಿನ್ ಚಾಲೂ ಇಟ್ಟು ಎಲ್ಲ ದೀಪ ಅರ್ಧ ಗಂಟೆ ಉರಿಸಿ. ಸಾಧ್ಯವಿದ್ದರೆ ಮಿನುಗದೆ ಸ್ಥಿರವಾಗಿ ಉರಿಯುವಂತೆ ಇಟ್ಟು, ಬ್ಯಾಟರಿ ತುದಿಯ ವೋಲ್ಟೇಜ್, ದೀಪದ ತುದಿಯ ವೋಲ್ಟೇಜ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟ್ ಒಳಗಿರಲಿ. ನೇರ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಕಂಟ್ರೋಲರ್ ಔಟ್‌ಪುಟ್ ನೋಡಿದರೆ ರಿಲೇಯ ಕಾಯಿಲ್ ಕರೆಂಟಿಗಿಂತ ಹೆಚ್ಚು ಕಾಣಬಾರದು. ಫ್ಯೂಸ್ ಹೋಲ್ಡರ್, ರಿಲೇ ಸಾಕೆಟ್, ಅರ್ಥ್ ಬೋಲ್ಟು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಲ್ಲಿ ಜೋಡಣೆ ಸಡಿಲವಿದೆ.

ಒಂದೇ ಬಾರಿಗೆ ಹತ್ತಾರು ವಾಹನಕ್ಕೆ ದೀಪ ಹಾಕಿಸುವ ಸಂಸ್ಥೆಗಳು ಕೆಲಸದ ಆದೇಶದಲ್ಲಿ ದೀಪದ ವ್ಯಾಟ್ ಜೊತೆಗೆ ಫ್ಯೂಸಿನ ಸ್ಥಾನ, ವೈರಿನ ದಪ್ಪ, ರಿಲೇಯ ಬಗೆ ಮತ್ತು ಈ ಅರ್ಧ ಗಂಟೆಯ ಪರೀಕ್ಷೆಯನ್ನೂ ಬರೆಯಲಿ. ಕಂಟ್ರೋಲರ್ ತಯಾರಕರು ಔಟ್‌ಪುಟ್ ಮಿತಿ ಮತ್ತು ಒಟ್ಟು ಮಿತಿ ಎರಡನ್ನೂ ಡಬ್ಬಿಯ ಮೇಲಲ್ಲ, ಕಂಟ್ರೋಲರ್‌ನ ಮೈಮೇಲೆಯೇ ಅಚ್ಚು ಹಾಕಲಿ, ಡಬ್ಬಿ ಮೊದಲ ದಿನವೇ ಕಸಕ್ಕೆ ಹೋಗುತ್ತದೆ. ವೈರಿಂಗ್ ಮಾಡಿದವರು ಯಾವ ಫ್ಯೂಸ್ ಯಾವ ದೀಪದ್ದು, ರಿಲೇ ಎಲ್ಲಿದೆ ಎಂಬ ನಕ್ಷೆ ಬರೆದು ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಲಿ. ಮುಂದೆ ರಾತ್ರಿ ಹೊತ್ತು ರಸ್ತೆಬದಿಯಲ್ಲಿ ಆ ಮುಚ್ಚಳ ತೆರೆಯುವ ಚಾಲಕನಿಗೆ ಅದೊಂದೇ ಆಧಾರ.

ಇಂತಿ,
ವಾಹನ ವೈರಿಂಗ್ ಕೆಲಸಗಾರರು