ಡಬ್ಬದ ಮೇಲಿನ ಚೀಟಿ ಮನೆಯಲ್ಲೇ ಉಳಿಯಲಿ

ಮಾನ್ಯ ಸಂಪಾದಕರೇ,

ಯಾವ ಕೋಣೆಗೆ ಯಾವ ಬಣ್ಣ ಒಪ್ಪುತ್ತದೆ ಎಂಬ ಬರಹಗಳನ್ನು ನಿಮ್ಮ ಪುರವಣಿಯಲ್ಲಿ ಆಸಕ್ತಿಯಿಂದ ಓದುತ್ತೇನೆ. ಹೊಡೆಸಿದ ಬಣ್ಣ ಕೆಲವು ವರ್ಷಗಳ ಮೇಲೆ ಅಂಗೈ ಅಗಲ ಕಿತ್ತುಬಂದರೆ ಅದೇ ಬಣ್ಣವನ್ನು ಎಲ್ಲಿಂದ ತರಬೇಕು ಎನ್ನುವುದರ ಬಗ್ಗೆಯೂ ದಯವಿಟ್ಟು ಬರೆಸಿ.

ನಮ್ಮ ನಡುಮನೆಯ ಗೋಡೆಯೊಂದರ ಮೇಲೆ ಇಬ್ಬರು ಮಕ್ಕಳ ಎತ್ತರವನ್ನು ಪೆನ್ಸಿಲಿನಲ್ಲಿ ಗೀಟು ಹಾಕುತ್ತ ಬಂದಿದ್ದೇವೆ. ಕೆಳಗಿನ ಗೀಟಿನ ಪಕ್ಕ 2014 ಎಂದಿದೆ. ಕಳೆದ ತಿಂಗಳು ಅದರ ಹತ್ತಿರವೇ ಸ್ವಿಚ್ಚು ಕೂರಿಸಲು ಗೋಡೆ ಒಡೆಯಬೇಕಾಯಿತು. ಗೇಣಗಲದ ಗಾಯಕ್ಕೆ ಪುಟ್ಟಿ ಮೆತ್ತಿದ್ದಾಯಿತು. ಇಡೀ ಗೋಡೆಗೇ ಹೊಸ ಬಣ್ಣ ಬಳಿಸಿಬಿಡಿ ಎಂದು ಎಲ್ಲರೂ ಹೇಳಿದರು. ಆ ಗೀಟುಗಳನ್ನು ಮುಚ್ಚಲು ನಾನು ಒಪ್ಪಲಿಲ್ಲ.

ಹಳೆಯ ಡಬ್ಬ ಇರಲಿಲ್ಲ. ನೆನಪಿದ್ದದ್ದು ‘ಐವರಿ’ ಎಂಬ ಹೆಸರು ಮಾತ್ರ. ಆ ಹೆಸರಿನಲ್ಲಿ ಒಂದೊಂದು ಕಂಪನಿಯ ಬಣ್ಣ ಒಂದೊಂದು ರೀತಿ ಇರುತ್ತದೆ. ಬಣ್ಣಗಳ ಮಾದರಿ ತುಣುಕುಗಳಿರುವ ಶೇಡ್ ಕಾರ್ಡ್ ತಂದು ರಾತ್ರಿ ದೀಪದ ಬೆಳಕಿನಲ್ಲಿ ಗೋಡೆಗೆ ಹಿಡಿದು ನೋಡಿದೆ. ಒಂದು ತುಣುಕು ಗೋಡೆಯಲ್ಲೇ ಕರಗಿಹೋದಂತೆ ಕಂಡಿತು. ಅದನ್ನೇ ತರಿಸಿ ಹಚ್ಚಿದೆವು. ಬೆಳಿಗ್ಗೆ ಕಿಟಕಿ ತೆರೆದಾಗ ಆ ಜಾಗ ತಿಳಿಹಸಿರಾಗಿ ಎದ್ದು ನಿಂತಿತ್ತು. ಎರಡು ಬಣ್ಣಗಳನ್ನು ಬೇರೆ ಬೇರೆ ವರ್ಣದ್ರವ್ಯ ಬೆರೆಸಿ ಮಾಡಿದ್ದರೆ ಒಂದು ಬೆಳಕಿನಲ್ಲಿ ಅವು ಒಂದೇ ಆಗಿ ಕಂಡು, ಇನ್ನೊಂದರಲ್ಲಿ ಬೇರೆಯಾಗಬಹುದು. ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಹಾಗಾಗಿ ಹಗಲು ಬೆಳಕು, ರಾತ್ರಿಯ ದೀಪ ಎರಡರಲ್ಲೂ ನೋಡದೆ ಡಬ್ಬ ಕೊಳ್ಳಬಾರದು.

ಆಮೇಲೆ ಗೋಡೆಯ ಚಕ್ಕೆಯಿಂದ ಬಣ್ಣ ಅಳೆಯುವ ಯಂತ್ರವಿರುವ ಅಂಗಡಿಗೆ ಹೋಗೋಣ ಎಂದುಕೊಂಡು ಹಳೆಯ ಸ್ವಿಚ್ಚಿನ ಪಟ್ಟಿ ಬಿಚ್ಚಿ, ಅದರ ಅಡಿಯಿಂದ ನಾಣ್ಯದಷ್ಟು ಅಗಲದ ಚಕ್ಕೆಯನ್ನು ಬ್ಲೇಡಿನಿಂದ ಎಬ್ಬಿಸಿದೆ. ಕಾಣದ ಜಾಗ, ಗೋಡೆ ಕೆಡುವುದಿಲ್ಲ ಎಂದು ನನ್ನ ಲೆಕ್ಕ. ಆದರೆ ಆ ಚಕ್ಕೆ ಇಷ್ಟು ವರ್ಷ ಬೆಳಕನ್ನೇ ಕಂಡಿರಲಿಲ್ಲ. ಹೊರಗಿನ ಗೋಡೆಯ ಪಕ್ಕ ಇಟ್ಟಾಗ ಅದು ಒಂದು ಮಟ್ಟ ಗಾಢವಾಗಿಯೇ ಇತ್ತು. ಬಿಸಿಲಿಗೆ ಬಿಳಿಚಿದ ಗೋಡೆಗೆ ಬಿಳಿಚಿದ ಚಕ್ಕೆಯೇ ಬೇಕು. ಗಾಯದ ಅಂಚಿನಿಂದಲೇ ಇನ್ನೊಂದನ್ನು ತೆಗೆದು, ಒದ್ದೆ ಬಟ್ಟೆಯಿಂದ ಧೂಳು ಒರೆಸಿ ಒಯ್ದೆ. ಈ ಸಲ ಬಣ್ಣ ಸರಿಯಾಗಿ ಬಂತು.

ಆದರೆ ಆ ಬಣ್ಣ ಹಸಿಯಾಗಿದ್ದಾಗ ತೀರ ತಿಳಿಯಾಗಿ ಕಂಡು ನನ್ನ ಎದೆ ಧಸಕ್ಕೆಂದಿತು. ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಗೋಡೆಬಣ್ಣ, ಹಸಿಯಲ್ಲಿ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ರಟ್ಟಿನ ತುಂಡಿಗೆ ಬಳಿದು, ಪೂರ್ತಿ ಒಣಗಿಸಿ, ಗೋಡೆಗೆ ಹಿಡಿದು ನೋಡಿದ ಮೇಲೇ ಸಮಾಧಾನವಾಯಿತು. ಹೊಳಪೂ ಒಂದೇ ಆಗಿರಬೇಕು. ಹೊಳಪಿಲ್ಲದ ಮ್ಯಾಟ್ ಗೋಡೆಗೆ ನಸುಹೊಳಪಿನ ಸ್ಯಾಟಿನ್ ಹಚ್ಚಿದರೆ ಅದೇ ಬಣ್ಣವಾದರೂ ಓರೆಯಿಂದ ನೋಡಿದಾಗ ತೇಪೆ ಹೊಳೆಯುತ್ತದೆ. ಪುಟ್ಟಿಯ ಮೇಲೆ ಪ್ರೈಮರ್ ಹಚ್ಚಿ, ಗೋಡೆಗೆ ಮೊದಲು ಬಳಸಿದ್ದಂತೆ ರೋಲರಿನಿಂದಲೇ, ಅಂಚಿನಲ್ಲಿ ತೆಳುವಾಗಿ ಎಳೆದು ಮುಗಿಸಿದೆವು.

ಇಷ್ಟೆಲ್ಲ ಅಲೆದದ್ದು ಒಂದು ಚೀಟಿ ಇಲ್ಲದ್ದಕ್ಕೆ. ಅಂಗಡಿಯಲ್ಲಿ ಬೆರೆಸಿಕೊಟ್ಟ ಬಣ್ಣದ ಡಬ್ಬಕ್ಕೆ ಅಂಟಿಸುವ ಚೀಟಿಯಲ್ಲಿ ಶೇಡ್ ಸಂಖ್ಯೆ, ಯಾವ ಬೇಸ್ (ವರ್ಣದ್ರವ್ಯ ಬೆರೆಸುವ ಮೂಲ ಬಣ್ಣ), ಯಾವ ಹೊಳಪು ಎಂಬುದೆಲ್ಲ ಇರುತ್ತದೆ. ಕೆಲಸ ಮುಗಿದ ದಿನ ಖಾಲಿ ಡಬ್ಬದ ಜೊತೆ ಅದೂ ಕಸಕ್ಕೆ ಹೋಗುತ್ತದೆ. ಬಣ್ಣ ಹೊಡೆಯುವವರು ಕೋಣೆಗೊಂದರಂತೆ ಆ ಚೀಟಿಗಳನ್ನು ಮನೆಯವರ ಕೈಗೆ ಕೊಟ್ಟು ಹೋಗಬೇಕು, ಮನೆ ಮಾರುವವರು ಕೊಂಡವರಿಗೆ ಕೊಡಬೇಕು. ಉಳಿದ ಬಣ್ಣವನ್ನು ಅರೆಖಾಲಿ ಡಬ್ಬದಲ್ಲಿ ಬಿಡದೆ, ಬಿಗಿ ಮುಚ್ಚಳದ ಚಿಕ್ಕ ಗಾಜಿನ ಬಾಟಲಿಗೆ ತುಂಬಿ, ಮೇಲೆ ಕೋಣೆಯ ಹೆಸರು ಮತ್ತು ತಾರೀಖು ಬರೆದಿಟ್ಟರೆ ಸಣ್ಣಪುಟ್ಟ ಗೀರುಗಳಿಗೆ ಅದೇ ಸಾಕು. ನಿಮ್ಮ ಪತ್ರಿಕೆ ಈ ಮಾತನ್ನು ಅಂಗಡಿಯವರಿಗೂ ಕೆಲಸದವರಿಗೂ ತಲುಪಿಸಲಿ ಎಂದು ಕೋರುತ್ತೇನೆ. ನಮ್ಮ ಚೀಟಿಯನ್ನು ಗೀಟುಗಳ ಪಕ್ಕದ ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು